ತೋರಿಕೆಯ ಕಿಟಕಿ

ಚಾಮರಾಜಪೇಟೆ,
೧೧-೨-೧೯೫೩

ಪ್ರೀತಿಯ ರೇವಣ್ಣನಿಗೆ,

ಬೊಂಬಾಯಿಯಲ್ಲಿ ನೀವಿಬ್ಬರೂ ಆರೋಗ್ಯವೆಂದು ನಂಬಿದ್ದೇನೆ. ಅತ್ತಿಗೆಯ ಹಲ್ಲುನೋವು ಇಳಿಯಿತೆ? ನನ್ನದು ಕೇಳಬೇಡ, ಸರಿಯಾಗಿ ನಿದ್ದೆ ಮಾಡಿ ಒಂಬತ್ತು ದಿನವಾಯಿತು. ಐದು ತಿಂಗಳ ಕೂಸು, ಉಸಿರೆಳೆದರೆ ಎದೆಯಲ್ಲಿ ಸಿಳ್ಳೆ ಹಾಕಿದಂತೆ ಸದ್ದು.

ತವರಿನಿಂದ ಕೂಸಿನೊಡನೆ ಬಂದು ಜಟಕಾ ಇಳಿದಾಗ ಹೊಸ ಮನೆಯನ್ನು ನೋಡಿ ಕಣ್ಣು ತುಂಬಿತು. ಬಾಗಿಲಿನ ಎಡಕ್ಕೊಂದು, ಬಲಕ್ಕೊಂದು ಕಿಟಕಿ. ಬಲಗಡೆಯದು ನನ್ನ ಕೋಣೆಯದು. ಅಣ್ಣ ಮಾತು ಉಳಿಸಿಕೊಂಡ ಅಂದುಕೊಂಡೆ. ಒಳಗೆ ಹೋದರೆ ಆ ಜಾಗದಲ್ಲಿ ಬರೀ ಸುಣ್ಣದ ಗೋಡೆ! ಹೊರಗಿನ ಹಸಿರು ಕದಗಳನ್ನು ಇಟ್ಟಿಗೆಯ ಮೇಲೆ ಮೊಳೆ ಹೊಡೆದು ನಿಲ್ಲಿಸಿದ್ದಾರೆ. "ಬಾಣಂತಿ ಕೋಣೆಗೆ ಗಾಳಿ ಯಾಕಮ್ಮಾ? ಬೀದಿಗೆ ಚೆಂದ ಕಾಣ್ಬೇಕು, ಒಳಗೆ ಬೆಚ್ಚಗಿರ್ಬೇಕು" ಎಂದರು ಮಾವನವರು. ದಿನಾ ಎರಡು ಹೊತ್ತು ಕೆಂಡ, ಸಾಂಬ್ರಾಣಿ. ಹೊಗೆಗೆ ಹೋಗಲು ದಾರಿಯಿಲ್ಲ, ಕೂಸಿನ ಎದೆಗೇ ಹೋಗುತ್ತದೆ.

ಮಾವನವರ ಮಾತು ಕೇಳಿ ನಿನ್ನ ನಕ್ಷೆ ಮೀರಿದ್ದು ಮೇಸ್ತ್ರಿ ಮುನಿಸ್ವಾಮಿಯ ತಪ್ಪೆಂದು ಅವನನ್ನು ಕರೆಸಿ ಬೈದೆ. ಪಾಪ, ನಕ್ಷೆ ತಂದು ನನ್ನ ಮುಂದೆ ಹರಡಿದ. "ನೀವೇ ನೋಡ್ಕೊಳ್ಳಿ ತಾಯೀ, ಓದ್ದೋರು ಬರ್ದಂಗೆ ಕಟ್ಟಿದೀನಿ." ನಿನ್ನದೇ ಅಕ್ಷರ: 'ಕಿಟಕಿ, ತೋರಿಕೆಗೆ ಮಾತ್ರ.' ನಕ್ಷೆಯಲ್ಲಿದ್ದ ತಾರೀಖಿನ ವಾರವೇ ನೀನು ನನಗೆ ಬರೆದಿದ್ದೆ, "ನಿನ್ನ ಕಿಟಕಿ ಮರೆತಿಲ್ಲ ಕಣೇ" ಎಂದು. ಮರೆತಿರಲಿಲ್ಲ, ನಿಜ.

ಮಾವನವರು ಒತ್ತಾಯ ಮಾಡುತ್ತಿದ್ದಾರೆಂದು ಒಂದು ಸಾಲು ಬರೆದಿದ್ದರೆ ನಾನೇ ಜಗಳವಾಡುತ್ತಿದ್ದೆ. ನಾನು ಇಂಟರ್ ಓದುವಾಗ ಊಟದೆಲೆಯ ಮುಂದೆ ಕೂತು ಪಾಠ ಹೇಳಿದವನು ನೀನೇ: ಮನೆ ಒಳಗಿರುವವರ ಬದುಕಿನಿಂದ ಶುರುವಾಗಬೇಕು, ಹೊರಗಿನ ಚೆಂದ ತಾನಾಗಿ ಬರುತ್ತದೆ ಎಂದು. ಅದನ್ನು ನಂಬಿಯೇ, ನಮ್ಮಣ್ಣನೇ ನಕ್ಷೆ ಬರೆಯಲಿ ಎಂದು ಇವರ ಹತ್ತಿರ ಹಟ ಹಿಡಿದೆ. ಈಗ ಬೀದಿಯಲ್ಲಿ ಹೋಗುವವರು ನಿಂತು ಹೊಗಳುತ್ತಾರೆ, ಎಷ್ಟು ಗಾಳಿ ಬೆಳಕಿನ ಮನೆ ಎಂದು. ಇವರು ಹಿಗ್ಗುತ್ತಾರೆ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತೇನೆ.

ಅತ್ತಿಗೆಗೆ ನನ್ನ ಶರಣು ತಿಳಿಸು. ನಿನಗೂ, ಹಿರಿಯನೆಂದು.

ನಿನ್ನ ತಂಗಿ,
ಶಿವಕುಮಾರಿ

ಕಾಗದ ಮಡಿಸುವ ಮೊದಲು: ಮುನಿಸ್ವಾಮಿ ಹಾರೆ ತಂದ, ಗೋಡೆ ಒಡೆಯುತ್ತಿದ್ದಾನೆ. ನಕ್ಷೆ ತಪ್ಪಾಗಿತ್ತು, ಕೂಸಿನ ಉಸಿರಿಗೆ ಕಿಟಕಿ ತೆರೆಯಲೇಬೇಕು ಎಂದು ನೀನೇ ಒಪ್ಪಿ ಬರೆದಿದ್ದೀಯೆಂದು ಮಾವನವರಿಗೆ ಸುಳ್ಳು ಹೇಳಿದ್ದೇನೆ. ಅವರು ಇವತ್ತೇ ನಿನ್ನನ್ನು ಕೇಳಿ ಕಾಗದ ಹಾಕುತ್ತಾರೆ. ಹೌದೆನ್ನುವುದೋ ಇಲ್ಲವೆನ್ನುವುದೋ ನಿನಗೆ ಬಿಟ್ಟದ್ದು. ನಿನ್ನ ಉತ್ತರ ಬರುವ ಹೊತ್ತಿಗೆ ಗೋಡೆಯಂತೂ ಇರುವುದಿಲ್ಲ.