ದುಂಡಗಿನ ಅರ್ಜಿ

ಪ್ರೀತಿಯ ಮಿಸ್,

ನಾನು, ನಿಮ್ಮ ಕೊನೇ ಬೆಂಚಿನ ಪುಕ್ಕಲಿ. ಕಾಲೇಜು ಸೇರಿ ಎರಡು ತಿಂಗಳಾಯಿತು. ಊಟ, ನಿದ್ದೆ ಎಲ್ಲಾ ಓಕೆ.

ಶಾಲೆಯಲ್ಲಿ ಒಮ್ಮೆ ಜಗತ್ತಿನ ನೀರಿನ ಕೊರತೆಯ ಪಾಠ ಮಾಡುತ್ತಾ, ಗ್ಲೋಬನ್ನು ಮೇಜಿನ ಮೇಲೇ ಬಿಟ್ಟು, ನಮ್ಮನ್ನು ಹಾಸ್ಟೆಲಿನ ಸೋರುವ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿದ್ದಿರಿ. “ಜಗತ್ತು ಇಲ್ಲಿಂದ್ಲೇ ಶುರು ಕಣ್ರೇ. ಬಕೆಟ್ ಇಡಿ, ಅಳೀರಿ, ಆಮೇಲೆ ಅರ್ಜಿ ಬರೀರಿ” ಅಂದಿರಿ. ಅರ್ಜಿಗೆ ಮೊದಲ ಸಹಿ ಹಾಕಲು ಎಲ್ಲರಿಗೂ ವಾರ್ಡನ್ ಭಯ. ನೀವು ಹಾಳೆಯ ಮೇಲೆ ಊಟದ ತಟ್ಟೆ ಬೋರಲಿಟ್ಟು ಸುತ್ತ ಗೆರೆ ಎಳೆದಿರಿ. ಆ ಗೆರೆಗುಂಟ ಸಹಿ ಹಾಕಿದೆವು. ಮೊದಲು ಹಾಕಿದವರು ಯಾರೆಂದು ವಾರ್ಡನ್‌ಗೆ ತಿಳಿಯಲೇ ಇಲ್ಲ. ನಲ್ಲಿ ಮಾತ್ರ ರಿಪೇರಿಯಾಯಿತು.

ಇಲ್ಲಿ ಕಾಲೇಜು ಹಾಸ್ಟೆಲಿನಲ್ಲೂ ಒಂದು ನಲ್ಲಿ ಸೋರುತ್ತಿದೆ. ಗಂಟೆಗೆ ಅರ್ಧ ಬಕೆಟ್, ಅಳೆದಿದ್ದೇನೆ. “ಸುಮ್ನಿರೇ ತಾಯಿ, ಇರೋ ರೂಮೂ ಹೋಗುತ್ತೆ” ಎನ್ನುತ್ತಾಳೆ ರೂಮ್‌ಮೇಟ್. ನಾನೂ ತಟ್ಟೆ ಇಟ್ಟು ಗೆರೆ ಎಳೆದೆ. ಮೂರು ದಿನವಾದರೂ ಅದರಲ್ಲಿರುವುದು ನನ್ನ ಹೆಸರೊಂದೇ. ತುಂಬಾ ನರ್ವಸ್ ಆಗುತ್ತಿದೆ, ಮಿಸ್.

ಆ ಹಳೆಯ ಅರ್ಜಿಯ ಕಾಪಿ ನಿಮ್ಮ ಬೀರುವಿನಲ್ಲಿದ್ದರೆ ಕಳಿಸಿ, ಇಲ್ಲಿಯ ಹುಡುಗಿಯರಿಗೆ ತೋರಿಸಬೇಕು. ಬರದಿದ್ದರೂ ಸೋಮವಾರ ನನ್ನದನ್ನು ಕೊಟ್ಟೇ ಕೊಡುತ್ತೇನೆ, ಪ್ರಾಮಿಸ್.

ಒಂದು ಮಾತು ಕೇಳಲಾ? ಅವತ್ತು ಹಾಳೆ ನಮ್ಮ ಕೈಗೆ ಬಂದಾಗಲೇ ಗೆರೆಯ ಮೇಲೆ ಒಂದು ಸಹಿ ಇತ್ತು, ನಿಮ್ಮದು. ಆಗ ನಿಮಗೂ ಭಯವಾಗಿತ್ತಾ?

ನಿಮ್ಮ,
ಪುಕ್ಕಲಿ