ಟೀಚರ ಕಾರಿನ ಕೀರಲು ಸದ್ದು

ಗ್ಯಾರೇಜಿನ ಮೇಜು,
ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯಮ್ಮಾ? ಆ ಒಣಕೆಮ್ಮು ಬಿಟ್ಟಿತಾ? ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುತ್ತೀಯ, ರಾತ್ರಿ ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತೀಯ ತಾನೇ? ನಾವಿಬ್ಬರೂ ಚೆನ್ನಾಗಿದ್ದೇವೆ. ಸ್ಪ್ಯಾನರ್ ಹಿಡಿಯುವ ಅಪ್ಪ ಪೆನ್ನು ಹಿಡಿದನಲ್ಲ ಎಂದು ಗಾಬರಿಯಾಗಬೇಡ. ಮೂರು ವಾರದಿಂದ ನೀನು ಫೋನು ಮಾಡಿದರೂ ಅಮ್ಮನ ಹತ್ತಿರ ಮಾತ್ರ ಮಾತಾಡಿ ಇಟ್ಟುಬಿಡುತ್ತೀಯ. ನಿನಗೆ ನನ್ನ ಮೇಲೆ ಕೋಪ ಎಂದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಮೊನ್ನೆ ಒಂದು ಹಳೇ ಕಾರಿನಿಂದ ಗೊತ್ತಾಯಿತು. ನಗಬೇಡ, ಪೂರ್ತಿ ಓದು.

ಸಂಗೀತದ ಟೀಚರ ಬೂದು ಬಣ್ಣದ ಕಾರು ನೆನಪಿದೆಯಲ್ಲ, ವಯಸ್ಸಿನಲ್ಲಿ ನಿನಗಿಂತ ಎರಡು ವರ್ಷ ದೊಡ್ಡದು? ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್ ಕಿರುಚಿಕೊಳ್ಳುತ್ತದೆ, ಎ.ಸಿ. ಹಾಕಿದರೆ ಇನ್ನೂ ಜೋರು ಎಂದು ತಂದರು. ನಾನು ಬಾನೆಟ್ ಎತ್ತಿ, ಎಂದಿನಂತೆ ಕಣ್ಣು ಮುಚ್ಚಿ ಕಿವಿಗೊಟ್ಟೆ. ನಲವತ್ತು ವರ್ಷ ಕಿವಿಯಿಂದಲೇ ಗಾಡಿಯ ರೋಗ ಪತ್ತೆ ಹಚ್ಚಿದವನು ನಾನು. ಇಂಜಿನ್ ಗುರುಗುಟ್ಟುತ್ತಿತ್ತು, ಬೇರೇನೂ ಇಲ್ಲ. "ಗಾಡಿ ಚೆನ್ನಾಗಿದೆ ಟೀಚರ್, ನಿಮಗೇ ಎಲ್ಲದರಲ್ಲೂ ಅಪಸ್ವರ ಕೇಳಿಸುತ್ತೆ" ಎಂದು ತಮಾಷೆ ಮಾಡಿ ಕಳಿಸಿದೆ. ಮರುದಿನವೂ ಬಂದರು, ಮತ್ತೆ ಕಳಿಸಿದೆ. ಮೂರನೇ ದಿನ ಇಂಜಿನ್ ಆರಿಸದೆಯೇ ಕೆಳಗಿಳಿದು, "ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?" ಎಂದರು. ನನಗೂ ಮೂಗಿನ ತುದಿಗೆ ಸಿಟ್ಟು ಬಂತು.

ಅದೇ ಹೊತ್ತಿಗೆ ನಿನ್ನ ಅಮ್ಮ ಊಟದ ಡಬ್ಬಿ ತಂದಳು. ಬಾಗಿಲಲ್ಲೇ ಡಬ್ಬಿ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡು, "ರೀ, ಮೊದ್ಲು ಅದನ್ನ ಆಫ್ ಮಾಡ್ರೀ, ಹಲ್ಲೆಲ್ಲ ಜುಮ್ ಅಂತಿದೆ!" ಎಂದು ಕೂಗಿದಳು. ಸುತ್ತ ನೋಡಿದೆ. ಟೀಚರ್ ಮುಖ ಕಿವುಚಿಕೊಂಡಿದ್ದರು. ಎದುರಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ನಮ್ಮತ್ತಲೇ ನೋಡುತ್ತಿದ್ದ. ನಡುವೆ ನಾನೊಬ್ಬ ಕಂಬದ ಹಾಗೆ ನಿಂತಿದ್ದೆ. ಎಲ್ಲರಿಗೂ ಕೇಳಿಸುವ ಸದ್ದು ನನಗೊಬ್ಬನಿಗೇ ಕೇಳಿಸುತ್ತಿರಲಿಲ್ಲ ಪುಟ್ಟಿ, ಸುಳ್ಳು ಹೇಳಲಾರೆ.

ಅಮ್ಮನನ್ನು ಕಾರಿನ ಮುಂದೆ ನಿಲ್ಲಿಸಿ, ತಿರುಗುತ್ತಿದ್ದ ಬೆಲ್ಟಿಗೆ ದೂರದಿಂದ ಒಂದಿಷ್ಟು ನೀರು ಚಿಮುಕಿಸಿ, ಇಂಜಿನ್ ನೋಡುವುದು ಬಿಟ್ಟು ಅವಳ ಮುಖ ನೋಡಿದೆ. ಗಂಟಿಕ್ಕಿದ ಹುಬ್ಬು ಸಡಿಲವಾಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಗಂಟಿಕ್ಕಿತು. ನೀರು ಬಿದ್ದಾಗ ಸದ್ದು ಅಡಗಿದರೆ ಬೆಲ್ಟಿನ ಕಡೆಯೇ ಹುಡುಕಬೇಕು. ಇಂಜಿನ್ ಆರಿಸಿ ಬೆಲ್ಟು ಬಿಚ್ಚಿದರೆ ಒಳಮೈ ಸವೆದು ಗಾಜಿನಂತೆ ಹೊಳೆಯುತ್ತಿತ್ತು. ಅದನ್ನು ಬಿಗಿಹಿಡಿಯುವ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದೆ, ಒಳಗೆ ಮರಳು ಸಿಕ್ಕಿದ ಹಾಗೆ ಕರಕರ ಎಂದಿದ್ದು ಬೆರಳಿಗೆ ತಿಳಿಯಿತು. ಎರಡನ್ನೂ ಬದಲಾಯಿಸಿ ಸ್ಟಾರ್ಟ್ ಮಾಡಿದಾಗ ಅಮ್ಮನ ಹುಬ್ಬು ಅಲುಗಲಿಲ್ಲ. ಹೆಂಡತಿಯ ಮುಖ ನೋಡಿ ನಾನು ರಿಪೇರಿ ಮಾಡಿದ ಮೊದಲ ಗಾಡಿ ಇದು. ಟೀಚರ ಹತ್ತಿರ ತಪ್ಪಾಯಿತು ಎಂದೆ. ಅವರು ನಕ್ಕುಬಿಟ್ಟರು, ದೊಡ್ಡ ಮನಸ್ಸು.

ಕಿವಿ ಡಾಕ್ಟರಿಗೂ ತೋರಿಸಿಕೊಂಡು ಬಂದೆ. ದಪ್ಪ ಸದ್ದು ಕೇಳಿಸುತ್ತದಂತೆ, ತೆಳು ದನಿಗಳು ಎಂದೋ ಹೋಗಿವೆಯಂತೆ. ಮುಂದಿನ ತಿಂಗಳು ಕಿವಿಗೆ ಯಂತ್ರ ಬರುತ್ತದೆ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡುವವಳ ಅಪ್ಪನ ಕಿವಿ ಹೀಗಾಯಿತು ನೋಡು.

ವೇಳೆಗೆ ಸರಿಯಾಗಿ ಊಟ ಮಾಡು. ಅಮ್ಮನ ಮುತ್ತು, ನನ್ನ ಆಶೀರ್ವಾದ.

ನಿನ್ನ
ಅಪ್ಪ

ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ಮೂರು ವಾರದ ಹಿಂದೆ ನೀನು ಫೋನಿನಲ್ಲಿ ತುಂಬಾ ಹೊತ್ತು ಮೆಲ್ಲಗೆ ಏನೋ ಹೇಳಿದೆ. ನಾನು "ಹೂಂ, ಆಯ್ತಾಯ್ತು, ಆಮೇಲೆ ನೋಡೋಣ" ಎಂದೆ. ನೀನು ಫೋನಿಟ್ಟೆ. ಅದರಲ್ಲಿ ಒಂದು ಮಾತೂ ನನಗೆ ಕೇಳಿಸಿರಲಿಲ್ಲ ಕಂದಾ. ಅಮ್ಮನನ್ನು ಕೇಳಿದರೆ "ಅವಳೇ ಹೇಳ್ಲಿ" ಎನ್ನುತ್ತಾಳೆ. ಅಂದು ಹೇಳಿದ್ದನ್ನೆಲ್ಲ ಬರೆದು ಕಳಿಸು. ಸಣ್ಣ ಅಕ್ಷರವಾದರೂ ಪರವಾಗಿಲ್ಲ, ನೀನು ಕೊಟ್ಟ ಕನ್ನಡಕ ಹಾಕಿಕೊಂಡೇ ಕೂತಿದ್ದೇನೆ.