ಇವತ್ತು ಸ್ಕ್ಯಾನಿಗೆ ನಾ ಬರೋದಿಲ್ಲ

ಶ್ರೀಕೃತಿ,

ಸಿರುಗುಪ್ಪಕ್ಕ ಅಕ್ಕನ ಮನಿಗೆ ಹೊರಟೀನಿ. ಹುಡುಕಿಕೊಂಡು ಬರಬ್ಯಾಡ. ಸಾರು ಒಲಿ ಮ್ಯಾಲದ, ದೇವರಿಗೆ ದೀಪ ಹಚ್ಚಿ ಉಣ್ಣು.

"ದೊಡ್ಡ ಡಾಕ್ಟರು ರಜಾದಾಗ ಇದ್ದಾರ, ಎಲುಬಿನ ಸ್ಕ್ಯಾನಿಗೆ ಮೊದಲು ಹಾಕೋ ವಿಕಿರಣದ ಸೂಜಿ ನಾನೇ ಹಾಕ್ತೀನಿ. ನನ್ನ ತರಬೇತಿ ಮುಗಿದಿಲ್ಲ ಖರೆ, ಸ್ವಂತ ಅಮ್ಮಗ ಹಾಕಿದ್ರ ಯಾರು ಕೇಳ್ತಾರ?" ಅಂದಿ ನಿನ್ನೆ.

ನಾ ಕೇಳ್ತೀನಿ. ಅವರು ಪಕ್ಕಕ್ಕ ಇಲ್ಲದೇ ಅದನ್ನ ಮುಟ್ಟಬಾರದಂತ ನೀನೇ ಹೇಳಿದಾಕಿ. ಎಲುಬಿನಾಗ ಏನು ಕೂತದೋ ಅಂತ ನನಗೂ ಎದಿ ಹೊಡಕೋತದ. ಆದ್ರ ನಾ ಸಣ್ಣಾಕಿದ್ದಾಗ ನಮ್ಮಪ್ಪ ಎದುರಿಗೆ ಕೂತು ತಿದ್ದೋತನಕ ನನಗ ಒಂದು ಶ್ಲೋಕಾನೂ ದೇವರ ಮುಂದ ಅನ್ನಗೊಡಲಿಲ್ಲ.

ಸೋಮವಾರ ದೊಡ್ಡ ಡಾಕ್ಟರು ಬರ್ತಾರಲ್ಲ, ನಿನ್ನ ಪಕ್ಕಕ್ಕ ನಿಂದರಲಿ. ಆಗ ಸೂಜಿ ನೀನೇ ಹಾಕು. ಕೈ ಚಾಚಿ ಕೂಡ್ತೀನಿ, ಕಣ್ಣು ಸುದ್ದಾ ಮುಚ್ಚೋದಿಲ್ಲ.

ಅಮ್ಮ